ಪಾಳುಬಿದ್ದ ಟಾಕೀಸಿನೊಳಗೆ ಮೊದಲು ಪೊರಕೆ ಹಿಡಿಯಬೇಡಿ

ಪ್ರಶ್ನೆ: ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನಮ್ಮ ತಾತ 1950ರ ದಶಕದಲ್ಲಿ ಕಟ್ಟಿಸಿದ ಟಾಕೀಸಿದೆ. ಮೊದಮೊದಲು ನಾಟಕ ಕಂಪನಿಗಳು ಅಲ್ಲೇ ಕ್ಯಾಂಪ್ ಮಾಡುತ್ತಿದ್ದವಂತೆ, ಆಮೇಲೆ ಬರೀ ಸಿನಿಮಾ. ಬಾಗಿಲು ಹಾಕಿ ಹದಿನೈದು ವರ್ಷದ ಮೇಲಾಯಿತು. ಕೆಡವಿ ಕಾಂಪ್ಲೆಕ್ಸ್ ಕಟ್ಟುವುದು ಬೇಡ, ಊರಿನ ಹವ್ಯಾಸಿ ತಂಡಗಳಿಗೆ ರಂಗಮಂದಿರ ಮಾಡೋಣ ಎಂದು ಮನೆಯವರೆಲ್ಲ ಒಪ್ಪಿದ್ದೇವೆ. ಛಾವಣಿ ಸಿಮೆಂಟ್ ಶೀಟಿನದು, ಅಲ್ಲಲ್ಲಿ ಒಡೆದಿದೆ. ಕ್ಯಾಬಿನ್ನಿನಲ್ಲಿ ಹಳೇ ಪ್ರೊಜೆಕ್ಟರುಗಳು, ಹುಳಿ ವಾಸನೆ ಹೊಡೆಯುವ ರೀಲ್ ಡಬ್ಬಿಗಳು ಇವೆ. ಬಾಲ್ಕನಿ ತುಂಬ ಪಾರಿವಾಳದ ಹಿಕ್ಕೆ. ಹಿತ್ತಲಲ್ಲಿ ಟ್ರಾನ್ಸ್‌ಫಾರ್ಮರ್ ಇದೆ. ನಮ್ಮ ಹುಡುಗರು ಎರಡು ದಿನ ಬಾಲ್ಕನಿ ಗುಡಿಸಿದರು, ಒಬ್ಬನಿಗೆ ಕೆಮ್ಮು ಹತ್ತಿದೆ. ಮುಂದಿನ ವಾರ ಆಳುಗಳನ್ನು ಬಿಟ್ಟು ಪೂರ್ತಿ ಗುಡಿಸಿ ತೊಳೆಸಿ, ಆಮೇಲೆ ಇಂಜಿನಿಯರ್ ಕರೆಸೋಣ ಎಂದುಕೊಂಡಿದ್ದೇವೆ. ಗುಜರಿಯವರೊಬ್ಬರು ಒಳಗಿರುವುದನ್ನೆಲ್ಲ ಒಟ್ಟಿಗೆ ಕೊಂಡು ಖಾಲಿ ಮಾಡಿಕೊಡುತ್ತೇನೆ ಎನ್ನುತ್ತಿದ್ದಾರೆ. ಇದೆಲ್ಲ ವಿಷ, ಮುಟ್ಟಬೇಡಿ ಎಂದು ಪರಿಚಯದವರೊಬ್ಬರು ಹೆದರಿಸಿದ್ದಾರೆ. ಏನು ಮಾಡಬೇಕು? ಬರುವ ಯುಗಾದಿಗೆ ಒಂದು ನಾಟಕ ಆಡಿಸಬಹುದೇ?

ಉತ್ತರ: ಕಟ್ಟಡ ಉಳಿಸಬೇಕೆಂದು ನೀವು ತೀರ್ಮಾನಿಸಿದ್ದು ನನಗೆ ನಿಜಕ್ಕೂ ಖುಷಿ ಕೊಟ್ಟಿತು. ತಾಲ್ಲೂಕು ಊರುಗಳ ಟಾಕೀಸುಗಳು ಒಂದೊಂದಾಗಿ ಕಲ್ಯಾಣಮಂಟಪವೋ ಗೋದಾಮೋ ಆಗಿಹೋಗುತ್ತಿರುವ ಕಾಲ ಇದು. ಆದರೆ ಮುಂದಿನ ವಾರದ ಗುಡಿಸುವ ಕೆಲಸವನ್ನು ಇವತ್ತೇ ನಿಲ್ಲಿಸಿ. ಗುಜರಿಯವರಿಗೂ ಸದ್ಯಕ್ಕೆ ಬೇಡವೆಂದು ಹೇಳಿ. ಬಾಗಿಲಿಗೆ ಬೀಗ ಹಾಕಿ, ಬೀಗದ ಕೈ ಒಬ್ಬರ ಹತ್ತಿರವೇ ಇರಲಿ.

ಹೀಗೆ ಹೇಳುವುದಕ್ಕೆ ಕಾರಣವಿದೆ. ಇಂಥ ಕಟ್ಟಡದಲ್ಲಿ ಅಪಾಯದ ವಸ್ತುಗಳು ಬೇಕಾದಷ್ಟಿರುತ್ತವೆ, ಆದರೆ ಬಹುಪಾಲು ಇದ್ದಲ್ಲೇ ಸುಮ್ಮನಿರುತ್ತವೆ. ಅವುಗಳನ್ನು ಎಬ್ಬಿಸಿ ಮನುಷ್ಯರ ಶ್ವಾಸಕೋಶಕ್ಕೆ ಸೇರಿಸುವುದು ಪೊರಕೆ, ಗ್ರೈಂಡರ್, ಸುತ್ತಿಗೆ, ಬ್ಲೋಯರ್. ಒಣ ಧೂಳನ್ನು ಗುಡಿಸಿದರೆ ನೆಲದ ಮೇಲಿನ ಕಸ ಮೂಲೆ ಸೇರುತ್ತದೆ, ಕಣ್ಣಿಗೆ ಕಾಣದ ನಾರು ಗಾಳಿ ಸೇರುತ್ತದೆ. ಆದ್ದರಿಂದ ಏನೇನಿದೆ ಎಂದು ಮೊದಲು ಪರೀಕ್ಷೆ ಮಾಡಿಸಿ ತಿಳಿದುಕೊಳ್ಳಬೇಕು, ಕೈ ಹಾಕುವುದು ಆಮೇಲೆ. ನಿಮ್ಮ ಯೋಜನೆಯಲ್ಲಿ ಇದು ತಿರುಗಮುರುಗವಾಗಿದೆ.

ಮೊದಲು ಹುಡುಗರ ವಿಷಯ. ಎರಡು ದಿನ ಗುಡಿಸಿದ ಮಾತ್ರಕ್ಕೆ ದೊಡ್ಡ ಕಾಯಿಲೆ ಬಂದೇ ಬರುತ್ತದೆ ಎಂದೇನೂ ಇಲ್ಲ. ಹಳೇ ಸಿಮೆಂಟ್ ಶೀಟಿಗೆ ಬೆರೆಸುತ್ತಿದ್ದ ಆಸ್ಬೆಸ್ಟಾಸ್ ಎಂಬ ಖನಿಜದ ನಾರಿನಿಂದ ಬರುವ ಆಸ್ಬೆಸ್ಟೋಸಿಸ್ (ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ), ಶ್ವಾಸಕೋಶದ ಕ್ಯಾನ್ಸರ್, ಮೀಸೋಥೀಲಿಯೋಮ (ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರ್), ಇವೆಲ್ಲ ಎಷ್ಟು ನಾರನ್ನು ಎಷ್ಟು ಕಾಲ ಉಸಿರಾಡಿದರು ಎಂಬುದರ ಮೇಲೆ ನಿಂತಿವೆ. ಕಾಣಿಸಿಕೊಳ್ಳುವುದಕ್ಕೂ ಸಾಮಾನ್ಯವಾಗಿ ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಬೇಕು. ಈಗಲೇ ಎಕ್ಸ್-ರೇ ತೆಗೆಸಿದರೆ ಇವುಗಳ ಬಗ್ಗೆ ಏನೂ ತಿಳಿಯುವುದಿಲ್ಲ. ಬೀಡಿ ಸಿಗರೇಟು ಸೇದುವ ಹುಡುಗರಿದ್ದರೆ ಬಿಡಲು ಹೇಳಿ. ಹೊಗೆ ಮತ್ತು ಆಸ್ಬೆಸ್ಟಾಸ್ ಕೂಡಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಎರಡನ್ನೂ ಕೂಡಿಸಿದ್ದಕ್ಕಿಂತ ಹೆಚ್ಚಾಗುತ್ತದೆ. ಈಗಿನ ಕೆಮ್ಮಿಗೆ ಪಾರಿವಾಳದ ಹಿಕ್ಕೆಯ ಧೂಳೇ ಕಾರಣವಿರುವ ಸಂಭವ ಹೆಚ್ಚು. ಅದರಿಂದ ಶ್ವಾಸಕೋಶದಲ್ಲಿ ಅಲರ್ಜಿಯ ಉರಿಯೂತ ಆಗಬಹುದು, ಸಿಟಕೋಸಿಸ್ ಎಂಬ ಬ್ಯಾಕ್ಟೀರಿಯಾ ಸೋಂಕು ಬರಬಹುದು, ಕ್ರಿಪ್ಟೋಕಾಕಸ್ ಎಂಬ ಶಿಲೀಂಧ್ರ ಸೇರಬಹುದು. ಜ್ವರ, ತಲೆನೋವು, ಏದುಸಿರು ಇದ್ದರೆ ತಡ ಮಾಡದೆ ವೈದ್ಯರ ಹತ್ತಿರ ಹೋಗಲಿ. ಅಲ್ಲಿ ಬರೀ ‘ಕೆಮ್ಮು’ ಎಂದು ಹೇಳಿ ಸುಮ್ಮನಾಗದೆ, ಪಾರಿವಾಳದ ಹಿಕ್ಕೆ ಗುಡಿಸಿದ್ದನ್ನು ಹೇಳಲೇಬೇಕು. ಹೇಳದಿದ್ದರೆ ಯಾವ ವೈದ್ಯರಿಗೂ ಅದು ಹೊಳೆಯುವುದಿಲ್ಲ. ಆ ದಿನ ತೊಟ್ಟ ಬಟ್ಟೆಗಳನ್ನು ಕೊಡವದೆ, ಬೇರೆಯಾಗಿ ನೀರಿನಲ್ಲಿ ನೆನೆಸಿ ಒಗೆಯಿರಿ.

ಈಗ ಛಾವಣಿ. ನಿಮ್ಮದು ಅಲೆಅಲೆಯಾದ ಬೂದು ಬಣ್ಣದ ಶೀಟಾಗಿದ್ದರೆ, ಪರೀಕ್ಷೆಗೆ ಮೊದಲೇ ಅದನ್ನು ಆಸ್ಬೆಸ್ಟಾಸ್ ಎಂದೇ ಇಟ್ಟುಕೊಳ್ಳಿ. ಮಧ್ಯಪ್ರದೇಶದ ಕೈಮೋರಿನಲ್ಲಿ 1934ರಲ್ಲಿ ಇಂಥ ಶೀಟಿನ ಕಾರ್ಖಾನೆ ಶುರುವಾಯಿತು. ಅಲ್ಲಿಂದಾಚೆ ನಮ್ಮ ದೇಶದ ಟಾಕೀಸು, ರೈಸ್ ಮಿಲ್ಲು, ಶಾಲೆ, ಗೋದಾಮುಗಳ ಮೇಲೆಲ್ಲ ಇದೇ ಎ.ಸಿ. ಶೀಟು, ಅಂದರೆ ಆಸ್ಬೆಸ್ಟಾಸ್ ಸಿಮೆಂಟ್ ಶೀಟು. ಬಿಳಿ ಆಸ್ಬೆಸ್ಟಾಸ್, ಅಂದರೆ ಕ್ರೈಸೊಟೈಲ್, ನೂರಕ್ಕೆ ಸುಮಾರು ಎಂಟರಿಂದ ಹದಿನೈದರಷ್ಟಿರುತ್ತದೆ, ಉಳಿದದ್ದು ಸಿಮೆಂಟು. ಭಾರತದಲ್ಲಿ ಹೊಸ ಗಣಿ ಗುತ್ತಿಗೆ ಕೊಡುವುದು 1986ರಲ್ಲೇ ನಿಂತಿತು, ಆದರೆ ಆಮದು ಮಾಡಿಕೊಂಡ ನಾರಿನಿಂದ ಶೀಟು ಮಾಡುವುದಕ್ಕೆ ನಿಷೇಧವಿಲ್ಲ. ಬ್ರಿಟನ್ನಿನಲ್ಲಿ ನೀಲಿ ಮತ್ತು ಕಂದು ಆಸ್ಬೆಸ್ಟಾಸ್ 1985ರಲ್ಲಿ, ಬಿಳಿಯದು 1999ರಲ್ಲಿ ನಿಷೇಧವಾಯಿತು. ಅಂಗಡಿಯಲ್ಲಿ ಸಿಗುತ್ತದೆ ಎಂಬ ಕಾರಣಕ್ಕೆ ನಮ್ಮ ಕಟ್ಟಡ ಕೆಲಸದವರು ಇದನ್ನು ಅಪಾಯವೆಂದೇ ಎಣಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮಾತ್ರ ಎಲ್ಲ ಬಗೆಯ ಆಸ್ಬೆಸ್ಟಾಸೂ ಕ್ಯಾನ್ಸರ್‌ಕಾರಕ ಎಂದು ಸ್ಪಷ್ಟವಾಗಿ ಹೇಳಿದೆ.

ಬಿದ್ದಿರುವ ಒಂದು ಚೂರನ್ನು ಮುಟ್ಟದೆ, ಬ್ಯಾಟರಿ ಬೆಳಕಿನಲ್ಲಿ ಹತ್ತಿರದಿಂದ ನೋಡಿ. ಒಡೆದ ಅಂಚಿನಲ್ಲಿ ಹರಿದ ಗೋಣಿಚೀಲದ ಅಂಚಿನಂತೆ ಸಣ್ಣ ಬಿಳಿ ಎಳೆಗಳು ಹೊರಚಾಚಿರುತ್ತವೆ. ಕಣ್ಣಿಗೆ ಕಾಣುವ ಆ ಎಳೆ ನೂರಾರು ನಾರುಗಳ ಕಟ್ಟು. ಕಾಯಿಲೆ ತರುವ ನಾರು ಮೂರು ಮೈಕ್ರಾನಿಗಿಂತಲೂ ತೆಳು. ಅದು ತೇಲಲು ಶುರುವಾದರೆ ನಿಂತ ಗಾಳಿಯಲ್ಲೂ ಗಂಟೆಗಟ್ಟಲೆ ಕೆಳಗಿಳಿಯುವುದಿಲ್ಲ. ಶೀಟಿನ ಮೇಲ್ಮೈಯನ್ನೂ ಗಮನಿಸಿ: ಐವತ್ತು ಅರವತ್ತು ಮಳೆಗಾಲ ಕಂಡ ಶೀಟಿನಲ್ಲಿ ಮೇಲಿನ ಸಿಮೆಂಟು ಸವೆದು ನಾರು ಎದ್ದಿರುತ್ತದೆ. ಅದರ ಮೇಲೆ ಪಾಚಿ ಕಟ್ಟಿರುತ್ತದೆ. ಪಾಚಿ ತೆಗೆಯಲೆಂದು ಪ್ರೆಷರ್ ವಾಷರ್ ಹಿಡಿಯುವುದು ಅತಿ ಕೆಟ್ಟ ಕೆಲಸ.

ಶೀಟಿಗಿಂತ ಹೆಚ್ಚು ನನಗೆ ಚಿಂತೆ ಇರುವುದು ಕೆಳಗಿನ ಸೀಲಿಂಗ್ ಮತ್ತು ಗೋಡೆಯ ಹೊದಿಕೆಯ ಬಗ್ಗೆ. ಸೌಂಡು ಗುಂಯ್‌ಗುಡದಿರಲಿ ಎಂದು ಆ ಕಾಲದ ಟಾಕೀಸುಗಳಲ್ಲಿ ಗೋಡೆಗೆ ಏನಾದರೊಂದು ಹೊದಿಸುತ್ತಿದ್ದರು. ಹಲವು ಕಡೆ ಅದು ಸೆಲೋಟೆಕ್ಸ್, ಅಂದರೆ ಕಬ್ಬಿನ ಸಿಪ್ಪೆಯ ಹಲಗೆ. ಅದರಲ್ಲಿ ಆಸ್ಬೆಸ್ಟಾಸ್ ಇಲ್ಲ, ಗೆದ್ದಲು ಮತ್ತು ಬೂಷ್ಟು ಮಾತ್ರ. ಕೆಲವು ಕಡೆ ತೆಳು ಪ್ಲೇನ್ ಎ.ಸಿ. ಶೀಟನ್ನೇ ತೂತು ಹೊಡೆದು ಹೊದಿಸಿರುತ್ತಾರೆ. ಹತ್ತಿಯಂತೆ ಮೆತ್ತಗೆ, ಬೆರಳು ತಾಗಿದರೆ ಉದುರುವ ಲೇಪ ಕಂಡರೆ ಅಲ್ಲಿಂದ ಕೂಡಲೇ ಹೊರಗೆ ಬನ್ನಿ. ಸ್ಪ್ರೇ ಮಾಡಿದ ಆಸ್ಬೆಸ್ಟಾಸ್ ಲೇಪದಲ್ಲಿ ನಾರಿನ ಪ್ರಮಾಣ ಶೀಟಿಗಿಂತ ಎಷ್ಟೋ ಪಟ್ಟು ಹೆಚ್ಚು, ಹಿಡಿದಿಡುವ ಸಿಮೆಂಟು ತೀರ ಕಡಿಮೆ. ಮೂರನ್ನೂ ಕಣ್ಣಿನಿಂದ ನೋಡಿ ಬೇರೆ ಮಾಡಲು ನನಗೂ ಆಗುವುದಿಲ್ಲ. ಪ್ರಯೋಗಾಲಯದಲ್ಲಿ ಪೋಲರೈಸ್ಡ್ ಲೈಟ್ ಸೂಕ್ಷ್ಮದರ್ಶಕದಡಿ ನೋಡಿಯೇ ಹೇಳಬೇಕು.

ಮಾದರಿ ತೆಗೆಯುವುದು ಕಷ್ಟದ ಕೆಲಸವಲ್ಲ, ಆದರೆ ತರಬೇತಿ ಇದ್ದವರೇ ತೆಗೆಯಲಿ. ಜಾಗಕ್ಕೆ ಸೋಪಿನ ನೀರು ಸಿಂಪಡಿಸಿ, ಒಂದು ರೂಪಾಯಿ ನಾಣ್ಯದಷ್ಟು ತುಂಡನ್ನು ಚೂಪಾದ ಚಾಕುವಿನಿಂದ ಬಿಡಿಸಿ, ಜಿಪ್ ಕವರಿಗೆ ಹಾಕಿ, ಅದನ್ನು ಇನ್ನೊಂದು ಕವರಿಗೆ ಹಾಕಿ, ತೆಗೆದ ಜಾಗಕ್ಕೆ ಬಣ್ಣ ಬಳಿದು ಮುಚ್ಚುತ್ತಾರೆ. ಕವರಿನ ಮೇಲೂ ನಕ್ಷೆಯ ಮೇಲೂ ಒಂದೇ ನಂಬರು. ಸ್ಪ್ರೇ ಲೇಪಕ್ಕೆ ಒಂದು ಮಾದರಿ ಸಾಲದು, ಯಾಕೆಂದರೆ ಕಲಸಿದ್ದು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಅಮೆರಿಕದಲ್ಲಿ ಶಾಲೆಗಳಿಗೆ ಮಾಡಿದ ನಿಯಮವನ್ನೇ ನಾನು ಪಾಲಿಸುತ್ತೇನೆ: ಸಾವಿರ ಚದರ ಅಡಿವರೆಗೆ ಮೂರು, ಐದು ಸಾವಿರದವರೆಗೆ ಐದು, ಅದರಾಚೆ ಏಳು. ಬೆಂಗಳೂರಿನಲ್ಲಿ ಈ ಪರೀಕ್ಷೆ ಮಾಡುವ ಖಾಸಗಿ ಪ್ರಯೋಗಾಲಯಗಳಿವೆ. ಎನ್‌ಎಬಿಎಲ್ (ಪ್ರಯೋಗಾಲಯಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಈ ಪರೀಕ್ಷೆಗೇ ಇದೆಯೇ ಎಂದು ಕೇಳಿ ಖಚಿತ ಮಾಡಿಕೊಳ್ಳಿ, ನೀರು ಪರೀಕ್ಷೆಯ ಮಾನ್ಯತೆ ತೋರಿಸಿದರೆ ಒಪ್ಪಬೇಡಿ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ನಮ್ಮ ದೇಶದಲ್ಲಿ ಈ ವಿಷಯದ ಹಳೆಯ ಅಧ್ಯಯನ ಕೇಂದ್ರ.

ಕ್ಯಾಬಿನ್ ಒಂದು ಪ್ರತ್ಯೇಕ ಲೋಕ. ಬೆಂಕಿಗೆ ಹೆದರಿಯೇ ಕಟ್ಟಿದ ಕೋಣೆ ಅದು. ದಪ್ಪ ಗೋಡೆ, ಕಬ್ಬಿಣದ ಬಾಗಿಲು, ಕಿಂಡಿಗಳಿಗೆ ಬೆಂಕಿ ಬಿದ್ದರೆ ತಾನೇ ಇಳಿಯುವ ಕಬ್ಬಿಣದ ಮುಚ್ಚಳ. ಬಾಗಿಲ ಒಳಮೈಗೆ, ಪ್ರೊಜೆಕ್ಟರಿನ ಲ್ಯಾಂಪ್‌ಹೌಸ್‌ಗೆ, ಅದರೊಳಗಿನ ವೈರುಗಳ ಹೊದಿಕೆಗೆ, ಹಳೇ ಫ್ಯೂಸ್ ಕ್ಯಾರಿಯರಿನ ಒಳಗೆ, ಜನರೇಟರಿನ ಸೈಲೆನ್ಸರ್ ಕೊಳವೆಗೆ ಸುತ್ತಿದ ಹಗ್ಗಕ್ಕೆ ಆಸ್ಬೆಸ್ಟಾಸನ್ನು ಧಾರಾಳವಾಗಿ ಬಳಸುತ್ತಿದ್ದರು. ಇಂಗಾಲದ ಕಡ್ಡಿಗಳ ನಡುವಿನ ಕಿಡಿಯಿಂದ ಬೆಳಕು ಕೊಡುವ ಕಾರ್ಬನ್ ಆರ್ಕಿನ ಪ್ರೊಜೆಕ್ಟರಿಗೆ ಡಿ.ಸಿ. ಕರೆಂಟು ಬೇಕಿತ್ತು. ಅದಕ್ಕಾಗಿ ಇಟ್ಟ ರೆಕ್ಟಿಫೈಯರ್ ಪೆಟ್ಟಿಗೆಯನ್ನು ದಯವಿಟ್ಟು ಯಾರೂ ಅಲುಗಿಸಬೇಡಿ. ಒಳಗೆ ತೋಳುಗಳಿರುವ ದೊಡ್ಡ ಗಾಜಿನ ಬುರುಡೆ, ಅದರ ತಳದಲ್ಲಿ ಪಾದರಸ ಇರಬಹುದು. ಬುರುಡೆ ಒಡೆದರೆ ಪಾದರಸ ಹಲಗೆ ಸಂದಿಗಳಿಗೆ ಇಳಿದು ವರ್ಷಗಟ್ಟಲೆ ಆವಿ ಬಿಡುತ್ತಿರುತ್ತದೆ. ಆ ಪೆಟ್ಟಿಗೆಯ ತಾಮ್ರದ ಮೇಲೆ ಗುಜರಿಯವರಿಗೆ ಕಣ್ಣಿರುತ್ತದೆ. ಅದನ್ನು ಬಿಚ್ಚುವ ಅವರ ಕೆಲಸಗಾರ ನಿಮ್ಮ ಮೆಟ್ಟಿಲ ಮೇಲೇ ಒಡೆದುಬಿಡುವ ಸಾಧ್ಯತೆ ಇದೆ. ಪಾಪ, ಅವನಿಗೆ ಅದರಲ್ಲೇನಿದೆ ಎಂದು ಯಾರೂ ಹೇಳಿರುವುದಿಲ್ಲ. ಆಮೇಲಿನ ಕಾಲದಲ್ಲಿ ಜೀನಾನ್ ಲ್ಯಾಂಪು ಹಾಕಿಸಿದ್ದರೆ ಅದಕ್ಕೂ ಕೈ ಹಚ್ಚಬೇಡಿ. ಉರಿಯದೆ ತಣ್ಣಗಿದ್ದಾಗಲೂ ಒಳಗೆ ಅನಿಲದ ಒತ್ತಡ ಹಲವು ಪಟ್ಟು ಇರುತ್ತದೆ, ಸಿಡಿದರೆ ಗಾಜು ಮುಖಕ್ಕೇ ಬರುತ್ತದೆ.

ರೀಲ್ ಡಬ್ಬಿಗಳ ಬಗ್ಗೆ ನಿಧಾನವಾಗಿ ಹೇಳಬೇಕು, ಏಕೆಂದರೆ ಅಲ್ಲಿ ಅಪಾಯವೂ ಇದೆ, ಆಸ್ತಿಯೂ ಇದೆ. ಹುಳಿ ವಾಸನೆ, ನಿಖರವಾಗಿ ವಿನಿಗರ್ ವಾಸನೆ ಬಂದರೆ ಅದು ಅಸಿಟೇಟ್ ಫಿಲ್ಮು, ಕೊಳೆಯುತ್ತಿದೆ ಎಂದರ್ಥ. ಕಣ್ಣು ಮೂಗು ಉರಿಯುತ್ತದೆ, ಅಷ್ಟೇ. ಗಾಳಿಯಾಡುವಂತೆ ಮಾಡಿ, ಗ್ಲೋವ್ಸ್ ಹಾಕಿಕೊಂಡು ತೆಗೆಯಬಹುದು. ಭಯವಿರುವುದು ನೈಟ್ರೇಟ್ ಫಿಲ್ಮಿನದು. 1951ರ ಹೊತ್ತಿಗೆ ಕೊಡಾಕ್ ಅದರ ತಯಾರಿಕೆ ನಿಲ್ಲಿಸಿತು. ನಿಮ್ಮ ಟಾಕೀಸು ಶುರುವಾದದ್ದು ಆ ದಶಕದಲ್ಲೇ ಆದ್ದರಿಂದ ಬಹುಪಾಲು ಅಸಿಟೇಟೇ ಇರುತ್ತದೆ. ಆದರೂ ದೊಡ್ಡ ಊರುಗಳಲ್ಲಿ ಓಡಿ ಹಳತಾದ ಪ್ರಿಂಟುಗಳು ವರ್ಷಗಳ ಮೇಲೆ ತಾಲ್ಲೂಕು ಟಾಕೀಸಿಗೆ ಬರುವ ರೂಢಿ ಇತ್ತು. ಆದ್ದರಿಂದ ಒಂದೆರಡು ನೈಟ್ರೇಟ್ ಡಬ್ಬಿ ಇಲ್ಲವೇ ಇಲ್ಲ ಎಂದು ಹೇಳಲಾಗದು. ನೈಟ್ರೇಟಿಗೆ ಉರಿಯಲು ಹೊರಗಿನ ಗಾಳಿ ಬೇಡ, ಆಮ್ಲಜನಕವನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ, ಹೊಗೆ ವಿಷ. ಕೊಳೆತ ರೀಲು ಬೇಸಿಗೆಯ ಸೆಕೆಯಲ್ಲೇ ತಾನಾಗಿ ಹೊತ್ತಿಕೊಳ್ಳಬಹುದು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಆವರಣದಲ್ಲಿ ಇಟ್ಟಿದ್ದ ನೈಟ್ರೇಟ್ ಸಂಗ್ರಹಕ್ಕೆ 2003ರ ಜನವರಿಯಲ್ಲಿ ಬೆಂಕಿ ಬಿದ್ದು, ಭಾರತದ ಸಿನಿಮಾದ ಮೊದಲ ದಶಕಗಳ ಎಷ್ಟೋ ಮೂಲಪ್ರತಿಗಳು ಹೋದವು.

ಗುರುತು ಹಿಡಿಯುವುದು ಹೀಗೆ. ಫಿಲ್ಮಿನ ಅಂಚಿನಲ್ಲಿ ಇಂಗ್ಲಿಷಿನಲ್ಲಿ ‘ಸೇಫ್ಟಿ’ ಅಥವಾ ‘ನೈಟ್ರೇಟ್’ ಎಂದು ಅಚ್ಚಾಗಿರುತ್ತದೆ. ಆದರೆ ಮೂಲ ನೆಗೆಟಿವಿನ ಅಕ್ಷರವೇ ಪ್ರಿಂಟಿಗೂ ಇಳಿದುಬಂದಿರಬಹುದಾದ್ದರಿಂದ ಅದೊಂದನ್ನೇ ನಂಬಬೇಡಿ. ನೈಟ್ರೇಟ್ ಕೊಳೆಯುವಾಗ ಚಿತ್ರ ಮೊದಲು ಕಂದು ತಿರುಗಿ ಮಸುಕಾಗುತ್ತದೆ, ಆಮೇಲೆ ಸುತ್ತುಗಳು ಒಂದಕ್ಕೊಂದು ಅಂಟುತ್ತವೆ, ನೊರೆಯಂತೆ ಗುಳ್ಳೆ ಏಳುತ್ತದೆ, ಇಡೀ ರೀಲು ಗಟ್ಟಿ ಮುದ್ದೆಯಾಗುತ್ತದೆ, ಕೊನೆಗೆ ಕಂದು ಪುಡಿ. ಡಬ್ಬಿಯ ಒಳಗೆ ತುಕ್ಕು ವಿಪರೀತ. ವಾಸನೆ ವಿನಿಗರಿನದಲ್ಲ, ಮೂಗಿಗೆ ಚುರ್ ಎನ್ನುವ ಆಮ್ಲದ್ದು. ಒಂದು ತುಂಡು ಕತ್ತರಿಸಿ ಬೆಂಕಿಕಡ್ಡಿ ಗೀರಿ ನೋಡೋಣ ಎಂಬ ಯೋಚನೆ ಯಾರಿಗೂ ಬಾರದಿರಲಿ. ಅನುಮಾನ ಬಂದ ಡಬ್ಬಿಯನ್ನು ಬಲವಂತವಾಗಿ ಬಿಚ್ಚಬೇಡಿ, ಟೇಪು ಸುತ್ತಿ ಬಿಗಿ ಮಾಡಬೇಡಿ, ಕಾರಿನ ಡಿಕ್ಕಿಯಲ್ಲಿಟ್ಟು ಸಾಗಿಸಬೇಡಿ. ಅಗ್ನಿಶಾಮಕ ಠಾಣೆಗೆ ಬರೆದು ತಿಳಿಸಿ. ಸಂಗ್ರಹಕ್ಕೂ ಸಾಗಣೆಗೂ 1948ರ ಸಿನಿಮಟೋಗ್ರಾಫ್ ಫಿಲ್ಮ್ ನಿಯಮಗಳಿವೆ.

ಇನ್ನುಳಿದ ರೀಲುಗಳನ್ನು ಕಸವೆಂದು ಬಗೆಯಬೇಡಿ. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಒಂದು ಪ್ರಿಂಟೂ ಇಂದು ಉಳಿದಿಲ್ಲ. ಹಳೆಯ ಕನ್ನಡ ಚಿತ್ರಗಳಲ್ಲಿ ಇನ್ನೂ ಎಷ್ಟೋ ಹೀಗೇ ಕಣ್ಮರೆಯಾಗಿವೆ. ಡಬ್ಬಿಯ ಮೇಲಿನ ಚೀಟಿಗಳನ್ನೆಲ್ಲ ಫೋಟೋ ತೆಗೆದು, ಚಿತ್ರದ ಹೆಸರು, ರೀಲ್ ನಂಬರು, ವಿತರಕರ ಹೆಸರು ಪಟ್ಟಿ ಮಾಡಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಕಳಿಸಿ. ಕ್ಯಾಬಿನ್ ಮಧ್ಯಾಹ್ನದ ಬಿಸಿಲಿಗೆ ಕಾಯುತ್ತದೆಯಾದ್ದರಿಂದ ಅಸಿಟೇಟ್ ಡಬ್ಬಿಗಳನ್ನು ಕೆಳಗಿನ ತಂಪಾದ ಕೋಣೆಗೆ ಇಳಿಸುವುದು ಒಳ್ಳೆಯದು.

ಟ್ರಾನ್ಸ್‌ಫಾರ್ಮರ್ ಬೆಸ್ಕಾಂನದೋ ನಿಮ್ಮ ಸ್ವಂತದ್ದೋ ಮೊದಲು ಹಳೇ ಕಾಗದ ನೋಡಿ ತಿಳಿಯಿರಿ. ಬೆಸ್ಕಾಂನದಾದರೆ ಅವರೇ ಬಂದು ಲೈನ್ ತೆಗೆದು ಒಯ್ಯಬೇಕು. ಸ್ವಂತದ್ದಾದರೆ ಎಣ್ಣೆಯಲ್ಲಿ ಪಿಸಿಬಿ, ಅಂದರೆ ಪಾಲಿಕ್ಲೋರಿನೇಟೆಡ್ ಬೈಫಿನೈಲ್ ಎಂಬ ವಿಷವಸ್ತು ಇದೆಯೇ ಎಂದು ಪರೀಕ್ಷೆ ಆಗಲೇಬೇಕು. ಫಲಕದ ಮೇಲೆ ಆಸ್ಕರೆಲ್, ಪೈರನಾಲ್, ಅರೋಕ್ಲೋರ್, ಕ್ಲೋಫೆನ್ ಎಂಬ ಹೆಸರಿದ್ದರೆ ಇದೆ ಎಂದೇ ಲೆಕ್ಕ. ಹೆಸರಿಲ್ಲದಿದ್ದರೂ ರಿಪೇರಿಯ ವೇಳೆ ಬೆರಕೆಯಾದ ಎಣ್ಣೆ ಇರಬಹುದು. ಹತ್ತು ಲಕ್ಷದಲ್ಲಿ ಐವತ್ತು ಭಾಗ ದಾಟಿದರೆ ಅದು ಪಿಸಿಬಿ ಎಣ್ಣೆ. 2016ರ ಕೇಂದ್ರದ ಆದೇಶ ಪಿಸಿಬಿ ಬಳಕೆಗೆ 2025ರ ಡಿಸೆಂಬರ್ 31ನ್ನು ಕೊನೆಯ ದಿನವೆಂದು ಗೊತ್ತುಮಾಡಿತು. ಪರೀಕ್ಷೆಗೆ ದೂರ ಹೋಗಬೇಕಿಲ್ಲ, ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯೇ ದೇಶದ ಪಿಸಿಬಿ ಕಾರ್ಯಕ್ರಮದ ಮುಂದಾಳು. ಆ ಎಣ್ಣೆಯನ್ನು ಗುಜರಿಯವರಿಗೆ ಕೊಟ್ಟರೆ ಅದು ಯಾವುದೋ ವೆಲ್ಡಿಂಗ್ ಅಂಗಡಿಗೋ ಒಲೆಗೋ ಸೇರುತ್ತದೆ. ಹಳೇ ಟ್ಯೂಬ್‌ಲೈಟಿನ ಚೋಕು, ಕೆಪಾಸಿಟರುಗಳನ್ನೂ ಇದೇ ಪಟ್ಟಿಗೆ ಸೇರಿಸಿ. ಮುಂದೆ ಹೊಸ ಟ್ರಾನ್ಸ್‌ಫಾರ್ಮರ್ ಹಾಕಿಸುವಾಗ ಅದು ಪ್ರೇಕ್ಷಕರಿರುವ ಕಟ್ಟಡದಿಂದ ದೂರವಿರಲಿ. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು 59 ಜನ ತೀರಿಕೊಂಡದ್ದು ಕಟ್ಟಡದೊಳಗಿನ ಟ್ರಾನ್ಸ್‌ಫಾರ್ಮರಿನಿಂದ ಎದ್ದ ಬೆಂಕಿ ಮತ್ತು ಹೊಗೆಯಿಂದ.

ಬಣ್ಣಗಳಿಗೆ ಬರೋಣ. ಪರದೆಯ ಸುತ್ತ ಗಾರೆಯ ಕೆತ್ತನೆ, ಮರದ ಕಟಾಂಜನ ಇದ್ದು ಅದಕ್ಕೆ ಎಣ್ಣೆ ಬಣ್ಣ ಹೊಡೆದಿದ್ದರೆ ಸೀಸ ಇರುವ ಸಂಭವ ತುಂಬ ಹೆಚ್ಚು. ಅದರಲ್ಲೂ ಹಳದಿ, ಹಸಿರು, ಕಿತ್ತಳೆ ಬಣ್ಣಗಳಲ್ಲಿ. ಕಬ್ಬಿಣದ ಟ್ರಸ್ಸುಗಳಿಗೆ ಹೊಡೆದ ಕೆಂಪು ಪ್ರೈಮರ್ ಎಂದರೆ ರೆಡ್ ಲೆಡ್, ಅದು ಸೀಸವೇ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ದಾಟಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಮುಂಚಿನ ಪದರಗಳನ್ನೆಲ್ಲ ಅನುಮಾನದಿಂದಲೇ ನೋಡಬೇಕು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಸೀಸದ ವಿಷದ ಬಗ್ಗೆಯೇ ಕೆಲಸ ಮಾಡುವ ರಾಷ್ಟ್ರೀಯ ಕೇಂದ್ರವಿದೆ, ಸಲಹೆ ಕೇಳಬಹುದು. ಎಕ್ಸ್‌ಆರ್‌ಎಫ್ ಎಂಬ, ಎಕ್ಸ್-ರೇ ಬಿಟ್ಟು ಸೀಸ ಅಳೆಯುವ ಯಂತ್ರ ಹಿಡಿದರೆ ಗೋಡೆ ಕೆರೆಯದೆಯೇ ನಿಂತಲ್ಲೇ ತಿಳಿಯುತ್ತದೆ.

ಇಲ್ಲಿ ನನ್ನ ಅಭಿಪ್ರಾಯ ಖಚಿತ: ಕೆತ್ತನೆಯ ಮೇಲಿನ ಬಣ್ಣ ಗಟ್ಟಿಯಾಗಿ ಕೂತಿದ್ದರೆ ತೆಗೆಯಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ, ಸೀಲ್ ಮಾಡಿ, ಮೇಲೆ ಹೊಸ ಬಣ್ಣ ಕೊಡಿ. ಆ ಪದರಗಳಲ್ಲಿ ನಿಮ್ಮ ತಾತನ ಕಾಲದ ಬಣ್ಣವೂ ಇದೆ, ಸಂರಕ್ಷಕರು ಅಂಗುಲದಷ್ಟು ಜಾಗದಲ್ಲಿ ಪದರ ಬಿಡಿಸಿ ಮೂಲ ಬಣ್ಣ ತೋರಿಸಬಲ್ಲರು. ಎದ್ದುಬಂದ ಹಕ್ಕಳೆಗಳನ್ನು ಮಾತ್ರ ನೀರು ಸಿಂಪಡಿಸುತ್ತ ಕೈಯಿಂದ ಕೆರೆಯಿಸಿ. ಬ್ಲೋ ಲ್ಯಾಂಪ್, ಸ್ಯಾಂಡಿಂಗ್ ಯಂತ್ರ ಎರಡೂ ಬೇಡ: ಒಂದು ಸೀಸವನ್ನು ಹೊಗೆ ಮಾಡುತ್ತದೆ, ಇನ್ನೊಂದು ಧೂಳು ಮಾಡುತ್ತದೆ. ಕೆಲಸದವರು ಅಲ್ಲಿ ಊಟ, ಎಲೆಅಡಿಕೆ ಮುಟ್ಟಬಾರದು. ಕೆಲಸದ ಬಟ್ಟೆ ಮನೆಗೆ ಹೋಗಬಾರದು, ಏಕೆಂದರೆ ಸೀಸ ಹೆಚ್ಚು ಕೆಡಿಸುವುದು ಮನೆಯಲ್ಲಿರುವ ಚಿಕ್ಕ ಮಕ್ಕಳನ್ನು.

ನಾಟಕದವರಿಗೆ ನೇರವಾಗಿ ಸಂಬಂಧಿಸಿದ, ಆದರೆ ಯಾರೂ ಕೇಳದ ಒಂದು ಜಾಗ ಸ್ಟೇಜಿನ ಕೆಳಭಾಗ. ಹಲಗೆಗೆ ಗೆದ್ದಲು ಹತ್ತದಿರಲಿ, ಸೀಟಿನಲ್ಲಿ ತಿಗಣೆ ಆಗದಿರಲಿ ಎಂದು ಗಮ್ಯಾಕ್ಸಿನ್ ಪುಡಿ ಎರಚುವುದು ಆಗ ಎಲ್ಲ ಟಾಕೀಸುಗಳ ವಾಡಿಕೆ. ಅದು ಬಿಎಚ್‌ಸಿ ಎಂಬ ಕೀಟನಾಶಕ, 1997ರಲ್ಲಿ ನಿಷೇಧವಾಯಿತು. ಗೆದ್ದಲಿಗೆ ಹಾಕುತ್ತಿದ್ದ ಆಲ್ಡ್ರಿನ್, ಕ್ಲೋರ್ಡೇನ್ 1996ರಲ್ಲೇ ಹೋದವು. ನಿಷೇಧವಾದರೂ ಮುಚ್ಚಿದ ಒಣ ಮಣ್ಣಿನಲ್ಲಿ ಇವು ದಶಕಗಟ್ಟಲೆ ಉಳಿಯುತ್ತವೆ. ಕುಣಿತದ ಹೆಜ್ಜೆಗೆ ಹಲಗೆ ಸಂದಿಯಿಂದ ಏಳುವ ಧೂಳನ್ನು ನಟರು ಬಾಯ್ತೆರೆದು ಉಸಿರಾಡುತ್ತಾರೆ. ಸ್ಟೇಜಿನಡಿಯ ಮಣ್ಣನ್ನು ಆರ್ಗನೋಕ್ಲೋರಿನ್ ಕೀಟನಾಶಕಗಳಿಗೆ, ಅಂದರೆ ಈ ಗುಂಪಿನ ವಿಷಗಳಿಗೆ, ಪರೀಕ್ಷೆ ಮಾಡಿಸಿ. ಸೀಟುಗಳ ಕುಶನ್ ಉಳಿಸಲು ಹೋಗಬೇಡಿ, ಕಬ್ಬಿಣದ ಕಾಲು, ಮರದ ಬೆನ್ನು ಉಳಿಸಿಕೊಂಡರೆ ಸಾಕು. ಹಿತ್ತಲಿನ ಸೆಪ್ಟಿಕ್ ಟ್ಯಾಂಕಿಗೆ ಯಾರನ್ನೂ ಇಳಿಸಬೇಡಿ. ಅದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ, ವಿಷಾನಿಲದಿಂದ ನಿಮಿಷದೊಳಗೆ ಪ್ರಾಣ ಹೋಗುವ ಜಾಗ. ಸಕ್ಕಿಂಗ್ ಯಂತ್ರವೇ ಬರಲಿ.

ತೆಗೆಯುವ ಕ್ರಮದ ಬಗ್ಗೆ ಈಗ. ಕರೆಂಟು ಪೂರ್ತಿ ಕಡಿತ, ಸ್ಟ್ರಕ್ಚರಲ್ ಇಂಜಿನಿಯರ್ ಬಂದು ಎಲ್ಲಿ ಓಡಾಡಬಹುದು ಎಂದು ಗುರುತು ಮಾಡುವುದು, ರೀಲು ಮತ್ತು ಕಾಗದಪತ್ರ ಹೊರಗೆ ತರುವುದು, ಸರ್ವೆ ಮತ್ತು ಪರೀಕ್ಷೆ, ಇವಿಷ್ಟು ಮೊದಲು. ಆಮೇಲೆ ಪಾದರಸ, ಎಣ್ಣೆ. ಅದಾದ ಮೇಲೆ ಹಿಕ್ಕೆ. ಹಿಕ್ಕೆಯನ್ನು ನೀರು ಸಿಂಪಡಿಸಿ ನೆನೆಸಿ, ಸಲಿಕೆಯಿಂದ ಎತ್ತಿ ಚೀಲಕ್ಕೆ ತುಂಬಬೇಕು. ಶೀಟಿನ ಚೂರು ಅದರಲ್ಲಿ ಬೆರೆತಿದ್ದರೆ ಅದನ್ನೂ ಆಸ್ಬೆಸ್ಟಾಸ್ ತ್ಯಾಜ್ಯದ ಲೆಕ್ಕಕ್ಕೇ ಸೇರಿಸಿ. ಬಾವಲಿ ಇದ್ದರೆ ಕೊಲ್ಲಬೇಡಿ, ಹೊರಗೆ ಹೋಗಬಹುದಾದ, ಮರಳಿ ಬರಲಾಗದ ಬಲೆ ಕಟ್ಟಿ ಕಾಯಿರಿ, ಮರಿಗಳಿರುವ ಕಾಲದಲ್ಲಿ ಮುಟ್ಟಬೇಡಿ.

ಶೀಟನ್ನು ಬಣ್ಣ ಹೊಡೆದು ಉಳಿಸಿಕೊಳ್ಳಬಹುದೇ ಎಂದು ನೀವು ಕೇಳಬಹುದು. ಗಟ್ಟಿ ಶೀಟಾಗಿದ್ದರೆ, ಗೋದಾಮಾಗಿದ್ದರೆ ಸರಿ ಎನ್ನುತ್ತಿದ್ದೆ. ರಂಗಮಂದಿರದಲ್ಲಿ ಲೈಟು, ಸ್ಪೀಕರು, ಪರದೆಯ ರಾಟೆ ಎಂದು ಮೇಲೆ ಜನ ಹತ್ತುತ್ತಲೇ ಇರುತ್ತಾರೆ, ಡ್ರಿಲ್ ಹಿಡಿಯುತ್ತಲೇ ಇರುತ್ತಾರೆ. ನಿಮ್ಮದು ಒಡೆದೂ ಇದೆ. ತೆಗೆಸಿ.

ಆದರೆ ಶೀಟಿನ ಕೆಲಸದಲ್ಲಿ ಅವತ್ತೇ ಜೀವ ತೆಗೆಯುವುದು ನಾರಲ್ಲ, ಬೀಳುವುದು. ಹಳೇ ಎ.ಸಿ. ಶೀಟು ಮನುಷ್ಯನ ತೂಕ ತಡೆಯುವುದಿಲ್ಲ. ಮೊಳೆ ಸಾಲಿನ ಮೇಲೆ ಕಾಲಿಟ್ಟರೆ ಏನಾಗುವುದಿಲ್ಲ ಎಂದು ಅನುಭವಸ್ಥರೇ ಹೇಳಿ ಟಾಕೀಸಿನ ಎತ್ತರದಿಂದ ಬೀಳುತ್ತಾರೆ. ಸಾಧ್ಯವಾದಷ್ಟೂ ಕೆಳಗಿನಿಂದ ಸ್ಕಾಫೋಲ್ಡಿಂಗ್ ಕಟ್ಟಿ ತೆಗೆಯಲಿ. ಮೇಲೆ ಹೋಗಲೇಬೇಕಾದರೆ ಹಲಗೆ ಹಾಸು, ಸೊಂಟದ ಬೆಲ್ಟಲ್ಲ ಮೈಪೂರ್ತಿ ಹಾರ್ನೆಸ್, ಕೆಳಗೆ ಬಲೆ. ಮೂರು ಮೀಟರಿನ ಒಂದು ಶೀಟು ನಲವತ್ತು ಕಿಲೋ ಆಸುಪಾಸು ತೂಗುತ್ತದೆ, ಒಬ್ಬರು ಹೊರುವುದಲ್ಲ. ಸೋಪಿನ ನೀರು ಸಿಂಪಡಿಸಿ ನೆನೆಸಿ, ತುಕ್ಕು ಹಿಡಿದ ಜೆ-ಹುಕ್ಕುಗಳನ್ನು ಬೋಲ್ಟ್ ಕಟರಿನಿಂದ ಕತ್ತರಿಸಿ, ಇಡೀ ಶೀಟನ್ನು ಒಡೆಯದೆ ಕೆಳಗಿಳಿಸಬೇಕು. ಗ್ರೈಂಡರ್ ಸದ್ದು ಕೇಳಿದರೆ ಅಲ್ಲಿಗೇ ಕೆಲಸ ನಿಲ್ಲಿಸಿ. ಮೇಲಿನಿಂದ ಎಸೆಯಬಾರದು. ಕೆಳಗೆ ನೆಲಕ್ಕೆಲ್ಲ ದಪ್ಪ ಪಾಲಿಥೀನ್ ಹಾಸಿರಬೇಕು. ಇಳಿದ ಶೀಟುಗಳನ್ನು ಅದೇ ಪಾಲಿಥೀನಿನಲ್ಲಿ ಎರಡು ಸುತ್ತು ಸುತ್ತಿ, ಟೇಪು ಹಾಕಿ, ‘ಆಸ್ಬೆಸ್ಟಾಸ್, ಒಡೆಯಬೇಡಿ’ ಎಂದು ಕನ್ನಡದಲ್ಲೂ ಹಿಂದಿಯಲ್ಲೂ ಬರೆದು ಅಂಟಿಸಿ. ಕೆಲಸದವರಲ್ಲಿ ಬಹುಪಾಲು ಹೊರರಾಜ್ಯದವರಿರುತ್ತಾರೆ.

ಮಾಸ್ಕಿನ ವಿಷಯದಲ್ಲಿ ಜುಗ್ಗತನ ಬೇಡ. ಟವೆಲ್ಲಂತೂ ಲೆಕ್ಕಕ್ಕೇ ಇಲ್ಲ, ಕೋವಿಡ್ ಕಾಲದ ಎನ್-95 ಕೂಡ ಆಸ್ಬೆಸ್ಟಾಸಿಗೆ ಸಾಲದು. ಮುಖಕ್ಕೆ ಕಚ್ಚಿಕೊಳ್ಳುವ, ಪಿ-100 ಫಿಲ್ಟರಿನ ರೆಸ್ಪಿರೇಟರ್ ಬೇಕು. ಗಡ್ಡವಿದ್ದರೆ ಅದು ಕಚ್ಚುವುದಿಲ್ಲ. ಬಿಸಾಡುವ ಕವರಾಲ್, ಹೊರಬರುವಾಗ ಸ್ನಾನಕ್ಕೆ ನೀರು ಇರಲೇಬೇಕು. ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ನಾರನ್ನು ಹಿಂದಿನಿಂದ ಹೊರಗೆ ಉಗುಳುತ್ತದೆ, ಹೆಪಾ ಫಿಲ್ಟರಿನದೇ ಆಗಬೇಕು. ಉದುರುವ ಲೇಪ ಇದೆ ಎಂದು ಪರೀಕ್ಷೆಯಲ್ಲಿ ಬಂದರೆ ಮಾತ್ರ ಇವೆಲ್ಲ ಸಾಲದು. ಜಾಗವನ್ನು ಪೂರ್ತಿ ಮುಚ್ಚಿ, ಗಾಳಿಯನ್ನು ಫಿಲ್ಟರಿನ ಮೂಲಕ ಹೊರಗೆಳೆಯುತ್ತ ಮಾಡುವ ಪರಿಣತ ಕೆಲಸ ಅದು, ಸ್ಥಳೀಯ ಮೇಸ್ತ್ರಿಗೆ ಕೊಡಲೇಬೇಡಿ. ಬ್ರಿಟನ್ನಿನಲ್ಲಿ ಇದಕ್ಕೆ ಲೈಸೆನ್ಸ್ ಬೇಕು. ನಮ್ಮಲ್ಲಿ ಅಂಥ ಪದ್ಧತಿ ಇಲ್ಲದ್ದರಿಂದ ಯಾರು ಬೇಕಾದರೂ ಮಾಡುತ್ತೇನೆ ಎನ್ನಬಹುದು. ಹಿಂದೆ ಮಾಡಿದ ಕೆಲಸದ ಗಾಳಿ ಪರೀಕ್ಷೆಯ ವರದಿ ತೋರಿಸಿ ಎಂದು ಕೇಳಿ. ತೋರಿಸಲು ತಡವರಿಸಿದರೆ ಬೇರೆಯವರನ್ನು ಹುಡುಕಿ.

ತೆಗೆದದ್ದು ಎಲ್ಲಿಗೆ? ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ ಇದು. ಗಟ್ಟಿ ಶೀಟುಗಳನ್ನು ಕೇಳಿಕೊಂಡು ಜನ ಬಂದೇ ಬರುತ್ತಾರೆ, ದನದ ಕೊಟ್ಟಿಗೆಗೆ, ಬಚ್ಚಲಿಗೆ, ಇನ್ನೂ ಕಟ್ಟುತ್ತಿರುವ ಮನೆಗೆ. ಪಾಪ ಬಡವರು ಎಂದು ಕೊಟ್ಟರೆ ನಿಮ್ಮ ಟಾಕೀಸಿನ ಅಪಾಯವನ್ನು ಅವರ ಮಕ್ಕಳ ತಲೆಯ ಮೇಲೆ ಹೊದಿಸಿದಂತೆ. ಸಹಾಯ ಮಾಡುವ ಮನಸ್ಸಿದ್ದರೆ ತಗಡಿನ ಶೀಟು ಕೊಡಿಸಿ. ಕೆರೆಯಂಗಳಕ್ಕೂ ರಸ್ತೆ ಗುಂಡಿಗೂ ಸುರಿಯುವಂತಿಲ್ಲ. ಬಿಸಾಡಿದ ಆಸ್ಬೆಸ್ಟಾಸ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲ ಷೆಡ್ಯೂಲಿನಲ್ಲೇ ಇದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ತುಮಕೂರು ಕಚೇರಿಗೆ ಮೊದಲೇ ಪತ್ರ ಕೊಟ್ಟು, ಅವರು ಒಪ್ಪಿದ ವಾಹನದಲ್ಲಿ, ನಮೂನೆ 10ರ ಮ್ಯಾನಿಫೆಸ್ಟ್ (ತ್ಯಾಜ್ಯ ಎಲ್ಲಿಂದ ಎಲ್ಲಿಗೆ ಹೋಯಿತೆಂಬ ದಾಖಲೆ) ಸಮೇತ ಕಳಿಸಬೇಕು. ಅಪಾಯಕಾರಿ ತ್ಯಾಜ್ಯವನ್ನು ವಿಧಿವತ್ತಾಗಿ ಹೂಳುವ ಕೇಂದ್ರ ದಾಬಸ್‌ಪೇಟೆಯಲ್ಲೇ ಇರುವುದು ನಿಮ್ಮ ಅದೃಷ್ಟ. ಉತ್ತರ ಕರ್ನಾಟಕದವರಿಗೆ ಲಾರಿ ಬಾಡಿಗೆಯೇ ದೊಡ್ಡ ಹೊರೆ. ಮ್ಯಾನಿಫೆಸ್ಟಿನ ಪ್ರತಿ ಕೈಗೆ ಬರುವವರೆಗೆ ಗುತ್ತಿಗೆದಾರರ ಕೊನೆಯ ಕಂತು ಕೊಡಬೇಡಿ.

ಕೆಲಸ ಮುಗಿದ ಮೇಲೆ ಕಣ್ಣಿಗೆ ಸ್ವಚ್ಛ ಕಂಡರೆ ಸಾಲದು. ಗುತ್ತಿಗೆದಾರರಿಗೆ ಸಂಬಂಧವಿಲ್ಲದ ಬೇರೆಯವರಿಂದ ಗಾಳಿ ಪರೀಕ್ಷೆ ಆಗಲಿ. ಬ್ರಿಟನ್ನಿನಲ್ಲಿ ಒಂದು ಮಿಲಿಲೀಟರ್ ಗಾಳಿಗೆ 0.01 ನಾರಿಗಿಂತ ಕಡಿಮೆ ಇದ್ದರೆ ಮಾತ್ರ ಒಳಗೆ ಬಿಡುತ್ತಾರೆ. ಕರಾರಿನಲ್ಲಿ ಆ ಅಂಕಿಯನ್ನೇ ಬರೆಸಿ. ಎಲ್ಲಿ ಏನನ್ನು ತೆಗೆಯದೆ ಸೀಲ್ ಮಾಡಿ ಬಿಟ್ಟಿದ್ದೀರಿ ಎಂಬ ನಕ್ಷೆಯನ್ನು ಮೇನ್ ಸ್ವಿಚ್‌ಬೋರ್ಡಿನ ಪಕ್ಕ ತೂಗುಹಾಕಿ. ಮುಂದೆ ಡ್ರಿಲ್ ಹಿಡಿದು ಬರುವ ಎಲೆಕ್ಟ್ರಿಷಿಯನ್ ಫೈಲು ಓದುವುದಿಲ್ಲ, ಅದನ್ನು ನೋಡುತ್ತಾನೆ.

ಇನ್ನು ಯುಗಾದಿ. ಒಳಗೆ ಆಗುವುದಿಲ್ಲ, ಯಾವ ಲೆಕ್ಕದಲ್ಲೂ ಆಗುವುದಿಲ್ಲ. ಸರ್ವೆ, ವರದಿ, ಮಂಡಳಿಯ ಪತ್ರ ಇವಕ್ಕೇ ತಿಂಗಳುಗಳು ಬೇಕು. ಛಾವಣಿ ಇಳಿಸಲು ಒಳ್ಳೆಯ ಕಾಲವೆಂದರೆ ದೀಪಾವಳಿ ಕಳೆದ ಮೇಲೆ ಶಿವರಾತ್ರಿಯ ಒಳಗೆ: ಮಳೆಯೂ ಇರುವುದಿಲ್ಲ, ಆಷಾಢದ ಗಾಳಿಯೂ ಇರುವುದಿಲ್ಲ. ಬರುವ ಯುಗಾದಿಯ ನಾಟಕವನ್ನು ಹೈಸ್ಕೂಲ್ ಮೈದಾನದಲ್ಲೋ ಸಂತೆ ಕಟ್ಟೆಯಲ್ಲೋ ಆಡಿಸಿ. ರಂಗಮಂದಿರಕ್ಕೆ ಹಣ ಕೂಡಿಸುವ ನಾಟಕವೆಂದೇ ಪ್ರಚಾರ ಮಾಡಿ, ಬಂದ ಹಣದಲ್ಲಿ ಮೊದಲ ಪಾಲು ಪ್ರಯೋಗಾಲಯದ ಪರೀಕ್ಷೆಗೆ ಎತ್ತಿಡಿ.